ವೈಯಕ್ತಿಕ ಗುರಿ: ಅಮ್ಮನ ಜೊತೆ ಊಟ

"ಇದೂ ಒಂದು ಗುರೀನಾ? ಮಧ್ಯಾಹ್ನ ಅಮ್ಮನ ಜೊತೆ ಕೂತು ಊಟ ಮಾಡೋದು! ಏನಮ್ಮಾ, ನೀನೇನು ಹಾಲು ಕುಡಿಯೋ ಮಗುವಾ?"

ಸಂಪಾದಕ ನನ್ನ ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ನಾವು ಆರು ಮಂದಿ ಫ್ರೀಲ್ಯಾನ್ಸ್ ಬರಹಗಾರರು. ಆ ಮಾಸಪತ್ರಿಕೆಯ ಕಚೇರಿಯಲ್ಲಿ ನಮಗೆ ಕುರ್ಚಿ ಇಲ್ಲ, ಗೋಡೆಗೆ ಒರಗಿ ನಿಂತಿದ್ದೆವು. ತಿಂಗಳ ಕೊನೆಗೆ ಇದೇ ಪಾಡು. ಕೆಲಸದ ಗುರಿ, ವೈಯಕ್ತಿಕ ಗುರಿ ಎಂದು ಬರೆದು ಕೊಡಬೇಕು. ಮುಟ್ಟಿದ್ದಕ್ಕೆ ಹಸಿರು ಗುರುತು, ಮುಟ್ಟದ್ದಕ್ಕೆ ಕೆಂಪು.

"ತೂಕ ಇಳಿಸೋದು ಅಂತ ಬರಿ. ಈ ತಿಂಗಳು ನಾಲ್ಕು ಕೆಜಿ ಇಳಿದಿದೀಯಂತೆ! ಹೊಡೀರಪ್ಪಾ ಚಪ್ಪಾಳೆ."

ಹೊಡೆದರು. ತೂಕ ಇಳಿದದ್ದು ವ್ಯಾಯಾಮದಿಂದಲ್ಲ. ನಾನು ತಟ್ಟೆಯ ಮುಂದೆ ಕೂರುವುದಕ್ಕೂ ಅವನ ಫೋನು ಬರುವುದಕ್ಕೂ ಸರಿಹೋಗುತ್ತದೆ. ಅಮ್ಮ ಒಬ್ಬಳೇ ಉಂಡೇಳುತ್ತಾಳೆ.

ಕೆಲಸದ ಗುರಿಯಲ್ಲಿ ನಾನು ಬರೆದಿದ್ದುದು ಒಂದೇ ಸಾಲು: ನನ್ನ ಹೆಸರು ಅಚ್ಚಾಗುವುದು.

"ಮೂರು ವರ್ಷ ಆಯ್ತು ಸಾರ್. ಈ ತಿಂಗಳು ಹಾಕ್ತೀನಿ ಅಂದಿದ್ರಿ."

"ಹೆಸರು ಕೇಳಿ ತಗೊಳ್ಳೋದಲ್ಲ ಕಣಮ್ಮಾ, ಗಳಿಸೋದು." ಕೆಂಪು ಗುರುತು ಬಿತ್ತು.

ಮೈಯೆಲ್ಲ ಉರಿದುಹೋಯಿತು. ಇದನ್ನು ಹೇಳುತ್ತಿರುವವನು ಯಾರು? ಪ್ರತಿ ತಿಂಗಳೂ ಮೊದಲ ಪುಟದಲ್ಲಿ 'ನನ್ನ ಈ ತಿಂಗಳು' ಎಂಬ ಅಂಕಣ ಅವನ ಹೆಸರಲ್ಲಿ ಬರುತ್ತದೆ, ಏನು ಸಾಧಿಸಿದೆ, ಏನು ಕಲಿತೆ ಎಂದು. ಬರೆಯುವವಳು ನಾನು. ಅವನು ಮುಂಜಾನೆ ಐದಕ್ಕೆ ಏಳುವುದು, ತಾಯಿಯ ಕಾಲೊತ್ತುವುದು ಎಲ್ಲ ನನ್ನ ತಲೆಯಲ್ಲೇ ಹುಟ್ಟಿದ್ದು. ಮುಂಡೇಮಗ ಒಂಬತ್ತಕ್ಕೆ ಮೊದಲು ಎದ್ದದ್ದನ್ನು ನಾನಂತೂ ಕಾಣೆ.

ಪಕ್ಕದಲ್ಲಿ ನಿಂತಿದ್ದವನು ಆರೋಗ್ಯದ ಅಂಕಣ ಬರೆಯುತ್ತಾನೆ. ಅವನ ಕೆಮ್ಮು ನಿಂತದ್ದೇ ಇಲ್ಲ, ನಮ್ಮ ಪಾಲಿಗೆ ಅವನು ಕೆಮ್ಮಣ್ಣ. "ಬಿಡಕ್ಕಾ," ಎಂದು ಪಿಸುಗುಟ್ಟಿದ, "ತೂಕಾನೂ ಹೋಯ್ತು, ಹೆಸರೂ ಹೋಯ್ತು. ಹಗುರಾಗಿ ಹಾರ್ಕೊಂಡೇ ಮನೆಗೆ ಹೋಗು."

ಅಮ್ಮ ಮೂವತ್ತು ವರ್ಷ ಲಾಂಡ್ರಿಯಲ್ಲಿ ದುಡಿದವಳು. ಓದು ಬಾರದು. ನನ್ನ ಹೆಸರೊಂದನ್ನು ಮಾತ್ರ ಗುರುತು ಹಿಡಿಯುತ್ತಾಳೆ, ಚಿಕ್ಕಂದಿನಲ್ಲಿ ನಾನೇ ಕಲಿಸಿದ್ದು. ಪತ್ರಿಕೆ ಬಂದಾಗಲೆಲ್ಲ ಪುಟಪುಟಕ್ಕೂ ಬೆರಳಾಡಿಸಿ ಹುಡುಕುತ್ತಾಳೆ.

"ಈ ಸಲಾನೂ ಇಲ್ವಾ?" ಆ ರಾತ್ರಿ ಕೇಳಿದಳು.

"ಇಲ್ಲಮ್ಮ."

"ಅವ್ನ ಹೆಣ ಎತ್ತ! ನಾನು ಕಂಡೋರ ಬಟ್ಟೆ ಒಗೆದೆ, ಸರಿ. ಆದ್ರೆ ಒಂದೊಂದು ಕಾಲರಿಗೂ ಮಸೀಲಿ ಗುರುತು ಹಾಕ್ತಿದ್ದೆ ಕಣೇ, ಯಾರದು ಅಂತ. ನೀನು ಗುರುತೇ ಹಾಕ್ದೆ ಕೊಡ್ತೀಯ. ಅವ್ನು ನಿನ್ನ ಅಂಗಿ ತೊಟ್ಕೊಂಡು ಮೆರೀತಾನೆ."

ಆ ಮಾತು ನಾಟಿತು. ಬೆಳಿಗ್ಗೆ ಎದ್ದವಳೇ ಅಂಕಣ ಬರೆದೆ. ಸಂಪಾದಕ ಅದನ್ನು ಎಂದೂ ಓದಿದವನಲ್ಲ, ಮೇಲಿನ ತನ್ನ ಫೋಟೊ ಒಂದನ್ನೇ ನೋಡುತ್ತಾನೆ.

"ಗಲ್ಲ ದಪ್ಪ ಕಾಣ್ತಿದೆಯಲ್ಲಾ?"

"ಬೇರೆ ಫೋಟೊ ಹಾಕಿಸ್ತೀನಿ ಸಾರ್."

"ಹಾಕ್ಸಿ ಅಚ್ಚಿಗೆ ಕಳ್ಸು."

ಪತ್ರಿಕೆ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಅಮ್ಮನ ಬೆರಳು ಮೊದಲ ಪುಟದಲ್ಲೇ ನಿಂತಿತು. "ಏ... ಇದು ನೀನಲ್ವೇನೇ? ಓದೇ, ಓದು!"

ಓದಿದೆ. "ಈ ತಿಂಗಳು ನಾನು ಒಂದು ಸಾಲೂ ಬರೆದಿಲ್ಲ. ಹೋದ ತಿಂಗಳೂ ಇಲ್ಲ. ಮೂರು ವರ್ಷದಿಂದ ಈ ಅಂಕಣ ಬರೆಯುತ್ತಿರುವವಳು..." ಅಲ್ಲಿ ನನ್ನ ಹೆಸರು. "ಮಧ್ಯಾಹ್ನ ಅವಳಿಗೆ ಯಾರೂ ಫೋನು ಮಾಡಬೇಡಿ. ಅವಳು ಅಮ್ಮನ ಜೊತೆ ಊಟಕ್ಕೆ ಕೂತಿರುತ್ತಾಳೆ."

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಕೇಳಿದಳು, "ಕೆಲ್ಸ ಹೋಯ್ತಲ್ಲೇ?"

"ಹೋಯ್ತು." ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ?

ಫೋನು ಹೊಡೆದುಕೊಂಡಿತು. ಅವನೇ. ಅಭ್ಯಾಸಬಲ, ನನ್ನ ಕೈ ಮುಂದೆ ಹೋಯಿತು. ಅಮ್ಮ ಫಟ್ಟನೆ ಆ ಕೈಗೆ ಹೊಡೆದು ಫೋನು ಕಿತ್ತುಕೊಂಡಳು.

"ಯಾರಪ್ಪಾ? ಲೋ, ಕಿರುಚ್ಬೇಡ. ಅವಳು ಊಟಕ್ಕೆ ಕೂತಿದಾಳೆ. ಪತ್ರಿಕೇಲಿ ಬಂದಿದೆ, ಓದ್ಕೋ."

ಫೋನನ್ನು ಮಗುಚಿಟ್ಟು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅದು ಮತ್ತೆ ಹೊಡೆದುಕೊಳ್ಳತೊಡಗಿತು. ನಾವು ಉಣ್ಣುತ್ತಿದ್ದೆವು.