ಎದೆ ಭಾರ ಎಂದರೆ ಯಾವ ಡಾಕ್ಟರು?

ನಾರಾಯಣಗೂಡದ ತುಳಸಾಬಾಯಿಗೆ ಒಬ್ಬಳೇ ಮಗಳು, ಭಕ್ತಿ. ವಯಸ್ಸು ಇಪ್ಪತ್ತಾರು, ಮಾದಾಪುರದಲ್ಲಿ ಕೆಲಸ. ಸ್ತನದ ಭಾರಕ್ಕೆ ಕುತ್ತಿಗೆ, ಬೆನ್ನು ಸದಾ ನೋವು. ಒಳಉಡುಪಿನ ಪಟ್ಟಿ ಒತ್ತಿ ಹೆಗಲಲ್ಲಿ ಗುಳಿ ಬಿದ್ದಿತ್ತು. ಆದರೆ ಆ ಮನೆಯಲ್ಲಿ ಸ್ತನದ ಹೆಸರೆತ್ತುವ ಹಾಗಿಲ್ಲ. ಆ ತೆಲುಗು ಊರಿನಲ್ಲಿ ಕನ್ನಡ ಬಲ್ಲ ಡಾಕ್ಟರನ್ನೇ ಹುಡುಕಿಕೊಂಡು ಹೋದ ತುಳಸಾಬಾಯಿ, ಮಗಳಿಗೆ ಬಾಯಿಬಿಡಲೂ ಕೊಡದೆ ಹೇಳಿದ್ದು ಇಷ್ಟೇ:

"ಎದಿ ಭಾಳ ಭಾರ ಆಗೇತಂತರಿ."

ಡಾಕ್ಟರು ಹೃದಯದ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದು ಕಳಿಸಿದರು. ಎರಡನೆಯವರ ಹತ್ತಿರವೂ ಅದೇ ಮಾತು, ಅದೇ ಪರೀಕ್ಷೆ.

ಭಕ್ತಿ ಬೇಸತ್ತಳು. 'ಕೊಬ್ಬನ್ನು ಸೂಜಿಯಲ್ಲೇ ಕರಗಿಸುತ್ತೇವೆ' ಎಂಬ ಬೋರ್ಡು ನೋಡಿ ಒಂದು ಗಲ್ಲಿಯ ಬ್ಯೂಟಿ ಕ್ಲಿನಿಕ್ಕಿಗೆ ಗುಟ್ಟಾಗಿ ಹೋಗಿ ಸೂಜಿ ಹಾಕಿಸಿಕೊಂಡಳು. ಆರನೇ ದಿನ ಮೈ ಸುಡುವ ಜ್ವರ. ಮೇಲಿನ ಮನೆಯ ನರ್ಸ್ ಅನುರಾಧಾ ಬಂದು ನೋಡಿದವರೇ ಆಸ್ಪತ್ರೆಗೆ ಕರೆದೊಯ್ದರು. ಎಡ ಸ್ತನದಲ್ಲಿ ಕೀವು ತುಂಬಿತ್ತು. ಕೊಳೆತ ಮಾಂಸವನ್ನು ತೆಗೆದುಹಾಕಬೇಕಾಯಿತು.

ಗಾಯ ಪೂರ್ತಿ ಮಾಯಲು ತಿಂಗಳುಗಳೇ ಹಿಡಿದವು. ಆಗ ಪ್ಲಾಸ್ಟಿಕ್ ಸರ್ಜನ್, ಸ್ತನದ ಭಾರ ಇಳಿಸುವ ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ತುಳಸಾಬಾಯಿ ಮನೆಗೆ ಬಂದವರೇ ಅನುರಾಧಾ ಅವರನ್ನು ಕರೆಸಿದರು.

"ಮತ್ತ ಕೊಯ್ಯೋದೇನ್ರಿ, ಅನುರಾಧಾಬಾಯಿ? ಆದದ್ದs ಸಾಕು."

"ಇದು ಬ್ಯಾರೆ ರೀ. ದೊಡ್ಡ ದವಾಖಾನ್ಯಾಗ, ಅನಸ್ತೇಷಿಯಾ ಕೊಟ್ಟು ಮಾಡ್ತಾರ. ಮೊಲಿತೊಟ್ಟಿಗೆ ರಕ್ತ ಹೋಗೋ ಮಾಂಸ ಕಡೀದಂಗ ಇಟ್ಟು ಮ್ಯಾಲ ಸರಸ್ತಾರ. ಹೆಚ್ಚಿಂದು ತಗದು, ಉಳದದ್ದಕ್ಕ ಆಕಾರ ಕೊಟ್ಟು ಹೊಲೀತಾರ. ಕಮ್ಮಿ ತಗಿಯೋದಿದ್ರ ತೊಟ್ಟಿನ ಸುತ್ತ ಒಂದು ಗಾಯ, ಅಲ್ಲಿಂದ ಕೆಳಗ ಒಂದು ಗೀಟು. ಭಾಳ ಇದ್ರ ಕೆಳಗಿನ ಮಡಿಕಿಗುಂಟ ಇನ್ನೊಂದು."

"ಅಪಾಯ ಇಲ್ಲೇನ್ರಿ?"

"ಇಲ್ಲ ಅಂದ್ರ ಸುಳ್ಳಾಕೈತಿ. ರಕ್ತ ಸೋರಬಹುದು, ಕೀವಾಗಬಹುದು, ಗಾಯ ಮಾಯಾಕ ತಡ ಆಗಬಹುದು. ಕಲೆ ಉಳೀತಾವ. ತೊಟ್ಟು ಜೋಮು ಹಿಡೀಬಹುದು, ಮುಂದ ಕೂಸಿಗೆ ಹಾಲು ಕಮ್ಮಿ ಬೀಳಬಹುದು. ಇದನ್ನೆಲ್ಲಾ ಮೊದ್ಲs ಹೇಳಿ ಸಹಿ ತಗೋತಾರ. ಆ ಸೂಜಿಯವ್ರು ಏನರ ಹೇಳಿದ್ರೇನು, ಭಕ್ತಿ?"

"ನನ್ನ ಹೆಸರು ಸೈತ ಸರಿ ಕೇಳ್ಲಿಲ್ಲ ಅಕ್ಕಾ."

"ಹಾಲು ಕಮ್ಮಿ ಆದ್ರ ಮದಿವಿ ಹೆಂಗ ಮಾಡ್ಲಿ?" ಎಂದರು ತುಳಸಾಬಾಯಿ.

"ಅವ್ವಾ, ಈಗ ನನಗ ನೆಟ್ಟಗ ನಿಂದ್ರಾಕ ಆಗವಲ್ದು."

ತಾಯಿ ಅತ್ತರು. ಆಮೇಲೆ, ತಾರೀಕು ಕೇಳಿ ಬಾ ಎಂದರು.

ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು, ಬೆನ್ನುನೋವು ಇಳಿಯಿತು. ಆದರೆ ಎಡಗಡೆ ಕಳೆದುಹೋದದ್ದನ್ನು ಯಾವ ಸರ್ಜನ್ನೂ ಪೂರ್ತಿ ತುಂಬಿಕೊಡಲಾರರು.

ಇದನ್ನು ಓದುತ್ತಿರುವ ತಾಯಂದಿರೇ, ಮಗಳು ನೋವು ಎಂದರೆ ಎಲ್ಲಿ ಎಂದು ಕೇಳಿ, ಡಾಕ್ಟರ ಮುಂದೆ ಅವಳನ್ನೇ ಮಾತಾಡಲು ಬಿಡಿ. ಸರ್ಜನ್ ಏನು ಓದಿದ್ದಾರೆ, ಅನಸ್ತೇಷಿಯಾ ಡಾಕ್ಟರು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಸೂಜಿಯಲ್ಲಿ ಕರಗಿಸುವವರ ಮೆಟ್ಟಿಲು ಹತ್ತಬೇಡಿ. ನಾಚಿಕೆ ಪಟ್ಟವರು ತುಳಸಾಬಾಯಿ, ಮಾಂಸ ಕಳೆದುಕೊಂಡವಳು ಭಕ್ತಿ.