ಸಿಗ್ನಲ್ ಸಿಗದ ದಡ

ಕಂಬಿ ಹಿಡಿದ ಕೈಗಳೇ ಕೈಗಳು, ಬಸ್ಸಿನ ಈ ತುದಿಯಿಂದ ಆ ತುದಿಗೆ ಮೇಲೆದ್ದ ಕೈಗಳ ಕಾಡು, ಬಳೆ ತೊಟ್ಟದ್ದು, ವಾಚು ಕಟ್ಟಿದ್ದು, ಉಗುರಿಗೆ ಸುಣ್ಣ ಮೆತ್ತಿದ್ದು — ನಂಜನಗೂಡು ತಾಲ್ಲೂಕಿಗೆ ತಾಲ್ಲೂಕೇ ಈ ಒಂದು ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಗುಳೆ ಹೊರಟಿದೆ, ಎಂದು ಕವನ ಮನಸ್ಸಿನಲ್ಲೇ ಬರೆದುಕೊಂಡಳು, ಬರೆದ ಕೂಡಲೇ ಹೊಡೆದುಹಾಕಿದಳು, ತಾಲ್ಲೂಕಲ್ಲ, ಒಂದು ಬಸ್ಸಿನಷ್ಟು ಜನ, ಅಷ್ಟೇ, ಪತ್ರಿಕೋದ್ಯಮದ ತರಗತಿಯಲ್ಲಿ ಹೇಮಲತಾ ಮೇಡಂ ಡಿಗ್ರಿಯುದ್ದಕ್ಕೂ ಬಡಿದುಕೊಂಡದ್ದು ಇದೊಂದನ್ನೇ, ಕವನಾ, ನೀನು ನೋಡಿದ್ದೆಷ್ಟು, ಬರೆದಿದ್ದೆಷ್ಟು, ಮೇಡಮ್ಮಿನ ಕೆಂಪು ಪೆನ್ನು ವಿಶೇಷಣಗಳ ಮೇಲೆ ಕುಡುಗೋಲಿನಂತೆ ಓಡುತ್ತಿತ್ತು, ಆದರೆ ಇವಳ ಪ್ರತಿಭೆಯೆಂದರೆ ಸಾಮಾನ್ಯವೇ, ಬದನವಾಳಿನಲ್ಲಿ ಇವಳು ಹುಟ್ಟಿ ಅತ್ತ ಸದ್ದಿಗೆ ಖಾದಿ ಕೇಂದ್ರದ ಮಗ್ಗಗಳೆಲ್ಲ ಬೆಚ್ಚಿ ನಿಂತುಹೋದವಂತೆ, ಹಾಗೆಂದು ಹೇಳಿದವರು ಯಾರೂ ಇಲ್ಲ, ಇವಳೇ ಊರೆಲ್ಲ ಹೇಳಿಕೊಂಡು ಬಂದದ್ದು, ಮನೆಗೆ ಜರಿಹುಳ ಬಂದರೆ ನಾಗರ, ಬೆಕ್ಕು ಬಂದರೆ ಚಿರತೆ, ಅವ್ವ ಮಂಚಮ್ಮ ನೂಲು ಸುತ್ತುತ್ತಲೇ ನಗುತ್ತಿದ್ದಳು, ನಿನ್ ಬಾಯ್ಗೆ ಬಿದ್ರೆ ಇರುವೆಗೂ ಸೊಂಡ್ಲು ಬತ್ತದೆ ಬುಡು, ಹೂಂ ಮತ್ತೆ, ಅದಕ್ಕೇ ನಾನು ಪತ್ರಕರ್ತೆ ಆಗೋದು ಕಣವ್ವ, ನಾನು ಟಿವಿಯಲ್ಲಿ ಕೂತು ಕೆಮ್ಮಿದರೆ ಡೆಲ್ಲಿಗೆ ನೆಗಡಿ ಬರಬೇಕು — ಎದುರು ನಿಂತವನು ಕೈ ಬದಲಿಸಿದ, ಬಲಗೈ ಇಳಿಯಿತು, ಎಡಗೈ ಏರಿತು, ಸೋತಿರಬೇಕು, ಹೊಳೆದಡದ ಆ ಹುಡುಗನೂ ಕೈ ಬದಲಿಸಿದ್ದನೇ, ಎಷ್ಟು ಹೊತ್ತು ಹಾಗೇ ಹಿಡಿದಿದ್ದ, ಕೇಳಲೇ ಇಲ್ಲವಲ್ಲ.

ಕೇಳಲಿಲ್ಲ, ಹೋಗಲೂ ಇಲ್ಲ. ಕಪಿಲೆಯ ಮಡುವಿನಲ್ಲಿ ಮಾದೇಶನೆಂಬ ಪಿಯುಸಿ ಹುಡುಗ ಮುಳುಗಿ ಸತ್ತ ದಿನ ಕವನ ಇದ್ದದ್ದು ಟಿ. ನರಸೀಪುರದ ಸಂಜೆ ಪತ್ರಿಕೆಯ ಕಚೇರಿಯಲ್ಲಿ, ಫ್ಯಾನಿನ ಕೆಳಗೆ, ತರಬೇತಿಗೆ ಸೇರಿದ ಹೊಸತು, ಕಚೇರಿಯ ಯಜಮಾನ ಕೃಷ್ಣಕುಮಾರ್ ಒಂದು ನಂಬರು ಕೊಟ್ಟು ಮಾತಾಡು ಅಂದ, ಆಚೆ ದಡದಲ್ಲಿ ಕುರಿ ಮೇಯಿಸುತ್ತಿದ್ದ ಚಾಮಯ್ಯ ಕಂಡಷ್ಟೇ ಹೇಳಿದ, ಒಬ್ಬ ಉಡ್ಗ ಮುಳುಗ್ತಾ ಇದ್ದ ಕಣವ್ವ, ಇನ್ನೊಬ್ಬ ದಡದ ಮ್ಯಾಲೆ ಫೋನ್ ಇಡ್ಕಂಡು ಕೈ ಮೇಲ್ಕೆತ್ತಿ ನಿಂತಿದ್ದ, ನಾನ್ ಕೂಗ್ದೆ, ದೂರ, ಕೇಳ್ನಿಲ್ಲ. ಅಷ್ಟೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಫೋನು ಹಿಡಿದು ಮೇಲಕ್ಕೆ ಚಾಚಿದ ಕೈ — ಅದು ಮತ್ತೇನು, ಈ ಕಾಲದಲ್ಲಿ ಮತ್ತೇನು, ಕವನಳ ಕಣ್ಣು ಏಳೂರಾಚೆಯದನ್ನು ಕಾಣುವ ಕಣ್ಣು, ಕಂಡೇಬಿಟ್ಟಿತು, ಗೆಳೆಯನ ಪ್ರಾಣ ಹೋಗುತ್ತಿದ್ದರೂ ವಿಡಿಯೊ ಮಾಡುತ್ತ ನಿಂತ ಸಿದ್ಧಾರ್ಥ! ಠಾಣೆಗೆ ಫೋನು ಮಾಡಿ ತಿಳಿದ ಹೆಸರನ್ನೂ ಹಾಕಿದಳು, ಹೆಸರಿನ ಕಾಗುಣಿತ ಸರಿಯಿತ್ತು, ಮೇಡಂ ಮೊದಲು ನೋಡುವುದು ಅದನ್ನೇ ಎಂದು ಎರಡು ಸಲ ನೋಡಿದ್ದಳು, ಅದನ್ನು ಮಾತ್ರ ನೋಡಿದ್ದಳು. ಕೃಷ್ಣಕುಮಾರ್ ಕುರ್ಚಿಯಿಂದ ಎದ್ದೇಬಿಟ್ಟ, ಇದು ಕಣಮ್ಮ ಲೈನು, ಪರೀಕ್ಷೆ ಮುಗಿಸ್ಕೊಂಡು ಸೀದಾ ಇಲ್ಲಿಗೇ ಬಾ, ಕೆಲ್ಸ ನಿಂದೇ. ತರಗತಿಯಲ್ಲಿ ಯಾರಿಗೂ ಇನ್ನೂ ಕೆಲಸವಿಲ್ಲ, ಒಬ್ಬ ಜಾಹೀರಾತು ತಂದರೆ ಮಾತ್ರ ವರದಿಗಾರನಂತೆ, ಒಬ್ಬಳು ಒಡವೆ ಅಂಗಡಿಗೆ ಚೆಂದದ ಮಾತು ಬರೆದುಕೊಡುತ್ತಾಳಂತೆ, ಕವನಳಿಗೆ ಮಾತ್ರ ಮೇಜು, ಕುರ್ಚಿ, ಬಾಗಿಲಿಗೆ ಹೆಸರು, ಅವಳ ಸಾಲು ವಾಟ್ಸ್ಯಾಪು ಹತ್ತಿ ಭೂಮಿಯನ್ನು ಮೂರು ಸುತ್ತು ಸುತ್ತಿ ಬಂತು — ಇಲ್ಲ, ಭೂಮಿಯಲ್ಲ, ಎರಡು ತಾಲ್ಲೂಕು, ಅದೂ ಹೆಚ್ಚಾಯಿತು, ಒಬ್ಬ ಹುಡುಗ ತಲೆ ತಗ್ಗಿಸಿ ನಡೆಯುವುದಕ್ಕೆ ಅವನ ಬೀದಿಯೊಂದು ಸಾಕು.

ಸಿದ್ಧಾರ್ಥನೇ ಫೋನು ಮಾಡಿದ, ಮಾದೇಶನ ತಿಥಿ ಕಳೆದ ಮೇಲೆ. ಬಯ್ಯುತ್ತಾನೆ ಅಂದುಕೊಂಡಳು, ಬಯ್ಯಲಿಲ್ಲ, ಬೈದಿದ್ದರೆ ಒಂದಕ್ಕೆ ಹತ್ತು ಸೇರಿಸಿ ಜಗಳವಾಡಬಹುದಿತ್ತು, ಅದರಲ್ಲಿ ಇವಳನ್ನು ಗೆದ್ದವರಿಲ್ಲ, ಅವನು ಮೆಲ್ಲಗೆ, ಅಕ್ಕಾ, ನಾನ್ ವಿಡಿಯೊ ಮಾಡ್ನಿಲ್ಲ, ನಂಗೆ ಈಜು ಬರಾಕಿಲ್ಲ, ಯಾರ್ನಾರ ಕರ್ಯವಾ ಅಂದ್ರೆ ಅಲ್ಲಿ ಸಿಗ್ನಲ್ಲೇ ಸಿಕ್ಕಲ್ಲ, ಅದ್ಕೇ ಕೈ ಎತ್ತಿದ್ದೆ, ಪೊಲೀಸ್ನೋರು ಫೋನ್ ಈಸ್ಕಂಡು ಎಲ್ಲಾ ನೋಡುದ್ರು, ವಿಡಿಯೊ ಇಲ್ಲ, ಓಗು ಅಂದ್ರು, ಮಾದೇಸನ್ ಅವ್ವ ಮಾತ್ರ ನನ್ ಮಕ ನೋಡಾಕಿಲ್ಲ, ಅವ್ರ ಮನೇಲೇ ಉಣ್ತಿದ್ದೆ ನಾನು. ಇಷ್ಟು ಹೇಳಿ ಇಟ್ಟುಬಿಟ್ಟ. ಇವತ್ತು ಬೆಳಿಗ್ಗೆ ಮನೆಯಿಂದ ಫೋನು ಮಾಡಿದರೆ ಕೃಷ್ಣಕುಮಾರ್ ನಕ್ಕ, ತಿದ್ದುಪಡಿನಾ, ಅದನ್ ಯಾರಮ್ಮ ಓದ್ತಾರೆ, ಹಾಕ್ಲೇಬೇಕು ಅಂದ್ರೆ ತಪ್ಪು ನಂದು ಅಂತ ನಿನ್ನ ಹೆಸರು ಹಾಕಿ ಕಳ್ಸು, ಮಧ್ಯಾಹ್ನ ಪುಟ ಮುಗಿಸೋದ್ರೊಳಗೆ ಬಂದ್ರೆ ಹಾಕ್ತೀನಿ, ಬರ್ಲಿಲ್ವಾ, ಈ ವಿಷ್ಯ ಇಲ್ಲಿಗೇ ಬಿಡು, ಬಂತಾ, ಕೆಲ್ಸದ ಮಾತು ಬಿಡು. ಕೂತಲ್ಲೇ ಬರೆದು ಕಳಿಸಬಹುದಿತ್ತು, ಫ್ಯಾನಿನ ಕೆಳಗೆ, ಇನ್ನೊಂದು ಸಲ, ಆ ಜಾಗ ನೋಡದೆ ಇನ್ನೊಂದು ಸಲ — ಕೈ ಬರಲಿಲ್ಲ, ಎದ್ದು ಬಸ್ಸು ಹತ್ತಿದಳು, ಸಿದ್ಧಾರ್ಥನಿಗೆ ಫೋನು ಮಾಡಿ ಕೇಳಿದಳು, ಮಡುವಿನ ಹತ್ತಿರ ಬರ್ತೀಯಾ, ಬತ್ತೀನಿ ಬನ್ನಿ.

ಸುತ್ತೂರು ದಾಟಿ ಇಳಿದಳು, ರಸ್ತೆಯಿಂದ ಗದ್ದೆಬದುವಿನ ಮೇಲೆ ಬಹಳ ದೂರ, ಕಾಶಿಗೆ ನಡೆದಷ್ಟು, ಅಲ್ಲ, ಬಹಳ ದೂರ, ಅಷ್ಟೇ ಸಾಕು, ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದಳು, ಕ್ಷಮೆ ಕೇಳುವುದರಲ್ಲೂ ಇವಳನ್ನು ಮೀರಿಸಿದವರು ಜಿಲ್ಲೆಯಲ್ಲಿ ಇರಬಾರದು, ಕೇಳಿದರೆ ಕಪಿಲೆ ಹಿಂದಕ್ಕೆ ಹರಿಯಬೇಕು, ದಡಕ್ಕೆ ಬಂದರೆ ಮೀಸೆ ಸರಿಯಾಗಿ ಮೂಡದ ಹುಡುಗ ಚಪ್ಪಲಿ ಬಿಚ್ಚಿಟ್ಟು ಕೂತಿದ್ದಾನೆ, ಬಾಯಿಗೆ ಬಂದದ್ದು, ನಾನೇ ಕವನ. ನೀವು ಇನ್ನೂ ದೊಡ್ಡೋರಿರ್ತೀರ ಅಂದ್ಕಂಡಿದ್ದೆ, ಅಂದ. ನೀರು ತೋರಿಸಿದ, ಅಲ್ಲೇ ಕಣಕ್ಕ, ಆ ಕಲ್ಲಿನ್ ತಾವು. ನೀರು ಸುಮ್ಮನಿದೆ, ಯಾರನ್ನೂ ನುಂಗಿಯೇ ಇಲ್ಲವೆಂಬಂತೆ ಬಿಸಿಲು ಕಾಯುತ್ತಿದೆ. ರೋಡ್‌ಗೆ ಯಾಕ್ ಓಡ್ನಿಲ್ಲ ಅಂತ ಎಲ್ರೂ ಕೇಳ್ತಾರೆ, ಓಡುದ್ರೆ ಮಾದೇಸ ಕಾಣಾಕಿಲ್ವಲ್ಲಕ್ಕ, ಅವನ್ ನನ್ನೇ ನೋಡ್ತಿದ್ದ, ನಾನು ಬೆನ್ ತಿರುಗ್ಸುದ್ರೆ ಬುಟ್ಟೋದ ಅಂದ್ಕತಾನೆ, ಅದ್ಕೇ ನಿಂತೇ ಇದ್ದೆ. ಕವನ ಫೋನು ತೆಗೆದು ಬರೆದಳು, ಹೆಬ್ಬೆರಳು ಒಂದೊಂದು ಅಕ್ಷರಕ್ಕೂ ತಡೆಯುತ್ತದೆ, ಸಿದ್ಧಾರ್ಥ ವಿಡಿಯೊ ಮಾಡಿರಲಿಲ್ಲ. ಸಹಾಯಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕುತ್ತಿದ್ದ. ಪೊಲೀಸರು ಫೋನ್ ಪರಿಶೀಲಿಸಿದ್ದಾರೆ. ನೋಡದೆ ಬರೆದವಳು ನಾನು, ಕವನ. ಒಂದು ವಿಶೇಷಣವಿಲ್ಲ, ಕೆಂಪು ಪೆನ್ನಿಗೆ ಕೆಲಸವಿಲ್ಲ, ಓದಿ ಹೇಳಿದಳು, ಮಾದೇಸನ್ ಅವ್ವಂಗೆ ಓದಾಕ್ ಬರಾಕಿಲ್ಲ, ನಾನೇ ಓದಿ ಯೋಳ್ಬೇಕು, ಅಂದ, ಕೇಳ್ತಳೋ ಇಲ್ವೋ. ಕಳಿಸು ಒತ್ತಿದಳು. ಸುತ್ತುತ್ತದೆ, ಸುತ್ತುತ್ತಲೇ ಇದೆ, ಹೋಗಲಿಲ್ಲ, ಮತ್ತೆ ಒತ್ತಿದಳು, ಹೊತ್ತು ನೆತ್ತಿಯ ಮೇಲೆ, ಅಲ್ಲಿ ಪುಟ ಮುಗಿಯುತ್ತಿರಬೇಕು, ರಸ್ತೆಗೆ ಓಡಿದರೆ ಹೋದೀತು, ಓಡಬೇಕು, ಈ ಹುಡುಗನಿಗೆ ಬೆನ್ನು ತಿರುಗಿಸಿ ಹೇಗೆ ಓಡುವುದು, ಕೈ ತಾನಾಗಿ ಮೇಲೆದ್ದಿತು, ಫೋನು ಬಿಸಿಲಿಗೆ ಮಿಂಚುತ್ತದೆ, ಹಂಗಲ್ಲಕ್ಕ, ಅಂದ ಸಿದ್ಧಾರ್ಥ, ಇನ್ನೊಸಿ ಮೇಲ್ಕೆ, ಹಿಮ್ಮಡಿ ಎತ್ತಿ ನಿಂತಳು, ಇನ್ನೊಸಿ, ಭುಜ ಸೆಳೆಯುತ್ತಿದೆ, ಎದುರಿಗೆ ಆ ಕಲ್ಲು, ಕಲ್ಲಿನ ಬಳಿ ನೀರು, ನೀರಿನಿಂದ ಯಾರೋ ನೋಡುತ್ತಿರುವ ಹಾಗೆ, ಕೈ, ಇಳಿಸಬಾರದು, ಮೇಲೆ, ಕೈ —