ತೋರ್‌ಫಿನ್ನನ ಮನೆಯ ಮಾಂಸ

ಟರ್ನಿಪ್ ಗೆಡ್ಡೆಯ ಚೀಲವನ್ನು ಕಾಲಿನಿಂದಲೇ ಮೂಲೆಗೆ ತಳ್ಳಿ ರಾಗ್ನಿ ಕಾಫಿಯ ಜಗ್ಗು ಎತ್ತಿಕೊಂಡಳು. ಅತ್ತೆ ಬೊರ್ಘಿಲ್ಡಳನ್ನು ಮಣ್ಣು ಮಾಡಿ ಬಂದು ಇನ್ನೂ ಕೈ ಬೆಚ್ಚಗಾಗಿರಲಿಲ್ಲ. ಚರ್ಚಿನ ಪಕ್ಕದ ಸಭಾಮನೆಗೆ ಬಂದವರಲ್ಲಿ ಅರ್ಧದಷ್ಟು ಜನ ಹೂವಿನ ಜೊತೆ ತರಕಾರಿಯನ್ನೂ ಹೊತ್ತು ತಂದಿದ್ದರು.

“ಇದೇನಜ್ಜೀ, ಸಾವಿಗೆ ಬರೋರು ಟರ್ನಿಪ್ ತರ್ತಾರಾ?”

ಹಾಲ್ದಿಸ್ ಅಜ್ಜಿ ಕೇಕು ಅಗಿಯುತ್ತಲೇ ಹೇಳಿದಳು: “ಮತ್ತೇನ್ಮಾಡ್ಲಿ? ಕ್ರಿಸ್‌ಮಸ್ ಬಂತು, ನಿಮ್ಮತ್ತೆ ಬರ್ತಾಳೆ ಅಂತ ತೊಳೆದಿಟ್ಕೊಂಡು ಕೂತಿದ್ದೆ. ಬರ್ಲಿಲ್ಲ. ನಾನೇ ತಂದೆ.”

“ಈ ಸಲ ನಾನು ಪೇಟೆಯಿಂದ ಹಂದಿಮಾಂಸ ತರಿಸಿದೀನಿ. ಒಲೇಲಿ ಇಟ್ರೆ ಮುಗೀತು.”

“ಪೇಟೇದಾ?”

ಸಮಾಧಿಯ ಬಳಿಯೂ ಅಜ್ಜಿ ಅಷ್ಟು ದುಃಖದ ಮುಖ ಮಾಡಿರಲಿಲ್ಲ.

*

ಇಪ್ಪತ್ತೆರಡು ವರ್ಷಗಳಿಂದ ರಾಗ್ನಿಯ ಡಿಸೆಂಬರ್ ಹಾಳಾಗುತ್ತಿದ್ದದ್ದು ಹೀಗೆಯೇ. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತ ಜೀವ ಸವೆಸಿದ ಬೊರ್ಘಿಲ್ಡಳಿಗೆ ಇದ್ದದ್ದು ಒಂದೇ ಹಟ: ಕ್ರಿಸ್‌ಮಸ್ ಊಟಕ್ಕೆ ದ್ವೀಪದಾಚೆಯ ಪದಾರ್ಥ ಬರಕೂಡದು. ಟರ್ನಿಪ್ ಹಾಲ್ದಿಸಳದು, ಬೆಣ್ಣೆ ಗುಡ್ಡದ ಮೇಲಿನವರದು, ಹೊಗೆಯಲ್ಲಿ ಒಣಗಿಸಿದ ಕುರಿಯ ಪಕ್ಕೆಲುಬು ಉತ್ತರ ತುದಿಯ ಒಂಟಿಜೀವಿ ತೋರ್‌ಫಿನ್ನನದು. ಅವನ ಮಾಂಸ ತಿಂದರೆ ರಾತ್ರಿಯಿಡೀ ನೀರು ಕುಡಿಯಬೇಕು, ಅಷ್ಟು ಉಪ್ಪು.

ಇವನ್ನೆಲ್ಲ ಮನೆಮನೆಗೆ ಹೋಗಿ ತರಲು ಕಾರು ಓಡಿಸುವ ಕೆಲಸ ರಾಗ್ನಿಯದು. ಅತ್ತೆ ಒಂದೊಂದು ಮನೆಯಲ್ಲೂ ಕಾಫಿಗೆ ಕೂತರೆ ಏಳುತ್ತಿರಲಿಲ್ಲ. ಹಾರ್ನ್ ಒತ್ತಿ ಒತ್ತಿ ಸೊಸೆಯ ಬೆರಳು ನೋಯುತ್ತಿತ್ತು.

“ಎಲ್ಲಾ ಅಂಗಡೀಲಿ ಸಿಗುತ್ತಲ್ಲ ಅತ್ತೆ!”

“ಸಿಗುತ್ತೆ. ತೋರ್‌ಫಿನ್ ಸಿಗ್ತಾನಾ?”

ಒಂದು ವರ್ಷ ರಾಗ್ನಿ ಗುಟ್ಟಾಗಿ ಅಂಗಡಿಯ ಆಲೂಗಡ್ಡೆ ಬೆರೆಸಿದ್ದಳು. ಬೊರ್ಘಿಲ್ಡ್ ಅವನ್ನೆಲ್ಲ ಆರಿಸಿ ತಟ್ಟೆಯಂಚಿಗೆ ಸರಿಸಿದಳು. ಹಾಲ್ದಿಸಳ ಟರ್ನಿಪ್ಪನ್ನು ಮಾತ್ರ ಎರಡು ಸಲ ಬಡಿಸಿಕೊಂಡಳು. ಅದೇ ಹೆಚ್ಚು ಉರಿಸಿತ್ತು.

*

“ತೋರ್‌ಫಿನ್ ಕಾಣ್ಲಿಲ್ವಲ್ಲ?” ಎಂದ ರಾಗ್ನಿಯ ಗಂಡ ಐವಿನ್, ಸಭಾಮನೆಯ ಜನರತ್ತ ಕಣ್ಣಾಡಿಸುತ್ತ.

ಚರ್ಚಿನಲ್ಲೂ ಯಾರೂ ಅವನನ್ನು ಕಂಡಿರಲಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ.

“ಅವನ ಮನೆ ಬಾಗಿಲು ತಟ್ತಿದ್ದೋಳು ಬೊರ್ಘಿಲ್ಡ್ ಒಬ್ಳೇ,” ಎಂದಳು ಹಾಲ್ದಿಸ್.

ಐವಿನ್ ಪಾದ್ರಿಯನ್ನು ಬಿಟ್ಟು ಏಳುವಂತಿರಲಿಲ್ಲ. ರಾಗ್ನಿ ಜಗ್ಗನ್ನು ಕುಕ್ಕಿ ಕಾರಿನ ಕೀಲಿ ತೆಗೆದುಕೊಂಡಳು. “ಸತ್ತ ಮೇಲೂ ಬಿಡಲ್ವಲ್ಲ ಈಕೆ!”

ತೋರ್‌ಫಿನ್ನನ ಮನೆಯ ಒಲೆ ತಣ್ಣಗಿತ್ತು. ಹಿತ್ತಲಲ್ಲಿ ಮಾಂಸಕ್ಕೆ ಹೊಗೆ ಹಾಕುವ ಗುಡಿಸಲಿನ ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಮುದುಕ ಬಿದ್ದಿದ್ದ. ಶುಭ್ರ ಬಿಳಿ ಅಂಗಿ, ಕಪ್ಪು ಟೈ. ಒಂದು ಕಾಲು ಸೊಟ್ಟಗಾಗಿತ್ತು. ತುಟಿ ನೀಲಿಗಟ್ಟಿತ್ತು.

“ಚರ್ಚಿಗೆ ಹೊರಟಿದ್ದೆ. ಮೇಲೆ ತೂಗುಹಾಕಿದ್ನಲ್ಲ, ನಿಮಗೆ ಕೊಡೋ ಮಾಂಸ, ಅದನ್ನ ಇಳಿಸ್ಕೊಂಡೇ ಹೋಗೋಣ ಅಂತ ಏಣಿ ಹತ್ತಿದೆ, ಜಾರ್ತು,” ಎಂದ ಹಲ್ಲು ಕಟಕಟಿಸುತ್ತ. “ಬರ್ತೀರಿ ಅಂತ ಗೊತ್ತಿತ್ತು.”

ರಾಗ್ನಿ ಅವನ ಪಕ್ಕ ಮೊಣಕಾಲೂರಿದಳು. ಆಂಬುಲೆನ್ಸಿಗೆ ಫೋನ್ ಮಾಡಿ, ತನ್ನ ಕೋಟನ್ನು ಅವನಿಗೆ ಹೊದಿಸಿ, ತಣ್ಣಗಿನ ಕೈಗಳನ್ನು ತಿಕ್ಕಿದಳು. ಮುಖಕ್ಕೆ ಬಣ್ಣ ತುಸು ಮರಳುತ್ತಿದ್ದಂತೆ ಅವನು ಶುರುಮಾಡಿದ:

“ಅದನ್ನ ಇಳಿಸು. ಇವತ್ತು ಇಳಿಸ್ದಿದ್ರೆ ಅತಿಯಾಗಿ ಒಣಗಿ ಕೆಡುತ್ತೆ.”

“ಬಾಯ್ಮುಚ್ಕೊಂಡು ಮಲ್ಗಿ!”

“ನಾನು ಆಸ್ಪತ್ರೆಗೆ ಹೋದ್ರೆ ಯಾರು ಇಳಿಸ್ತಾರೆ?”

ಆಂಬುಲೆನ್ಸಿನವರು ಒಳನುಗ್ಗಿದಾಗ, ಶೋಕದ ಉಡುಪಿನ ಹೆಂಗಸೊಬ್ಬಳು ಏಣಿಯ ತುದಿಯಲ್ಲಿ, ಮೂಗಿನ ತನಕ ಮಸಿ ಬಳಿದುಕೊಂಡು, ಹೆಗಲ ಮೇಲೆ ಕುರಿಯ ಪಕ್ಕೆ ಹೊತ್ತು ಕಿರುಚುತ್ತಿದ್ದಳು: “ಯಾವುದು ಅಂತ ಸರಿಯಾಗಿ ಹೇಳ್ರೀ!”

ಕೆಳಗೆ ಟೈ ಕಟ್ಟಿದ ಮುದುಕ ಮಲಗಿದ್ದಲ್ಲಿಂದಲೇ ಬೆರಳು ತೋರಿಸುತ್ತಿದ್ದ. “ಅದಲ್ಲ, ಎಡಗಡೇದು. ಎಡಗಡೇದು!”